ಎದೆ ಉರಿಗೆ ಕಾಫಿ ಬಿಡುವ ಮೊದಲು ಹತ್ತು ಗಂಟೆಯ ಊಟ ಬಿಡಿ

ನಮ್ಮ ಸಕಲೇಶಪುರದ ಕಡೆ ಹೊಟ್ಟೆಯ ಯಾವ ತೊಂದರೆಗೂ ಹೆಸರು ಒಂದೇ, ಗ್ಯಾಸ್ಟ್ರಿಕ್. ಹೊಟ್ಟೆ ಉಬ್ಬರಿಸಿದರೂ ಗ್ಯಾಸ್ಟ್ರಿಕ್, ತಲೆ ಸುತ್ತಿದರೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದುಕೊಂಡರೂ ಗ್ಯಾಸ್ಟ್ರಿಕ್. ನಾನು ಇಲ್ಲಿ ಬರೆಯುತ್ತಿರುವುದು ಅವುಗಳಲ್ಲಿ ಒಂದರ ಬಗ್ಗೆ ಮಾತ್ರ. ಎದೆಯ ನಡುವೆ ಉರಿ, ಗಂಟಲಿಗೆ ನುಗ್ಗುವ ಹುಳಿನೀರು, ಮಲಗಿದವರು ನಡುರಾತ್ರಿ ಎದ್ದು ಕೂರುವುದು. ವೈದ್ಯರ ಬಾಯಲ್ಲಿ ಇದು ಆಸಿಡ್ ರಿಫ್ಲಕ್ಸ್, ನಮ್ಮ ಅತ್ತೆಯ ಬಾಯಲ್ಲಿ ಪಿತ್ತ.

ನಾನು ವೈದ್ಯೆಯಲ್ಲ. ಪ್ರೌಢಶಾಲೆಯಲ್ಲಿ ಪಾಠ ಹೇಳುವವಳು, ಏಳು ವರ್ಷದಿಂದ ಈ ಉರಿಯೊಂದಿಗೆ ಸಂಸಾರ ಮಾಡುತ್ತಿರುವವಳು. ಮೊದಲ ಎರಡು ವರ್ಷ ಕಂಡವರು ಹೇಳಿದ್ದನ್ನೆಲ್ಲ ಬಿಟ್ಟೆ. ಕಾಫಿ ಹೋಯಿತು, ಖಾರ ಹೋಯಿತು, ಹುಣಸೆಹುಳಿ, ಟೊಮೆಟೊ, ಬದನೆಕಾಯಿ ಎಲ್ಲ ಹೋಗಿ ಕೊನೆಗೆ ತಟ್ಟೆಯಲ್ಲಿ ಉಳಿದದ್ದು ಮೊಸರನ್ನ. ಆದರೂ ಹನ್ನೆರಡೂವರೆಗೆ ಎಚ್ಚರವಾಗುವುದು ತಪ್ಪಲಿಲ್ಲ. ಆ ಮೊಸರನ್ನವನ್ನು ನಾನು ಉಣ್ಣುತ್ತಿದ್ದದ್ದು ಹತ್ತೂಕಾಲಿಗೆ, ಮಲಗುತ್ತಿದ್ದದ್ದು ಹತ್ತೂಮುಕ್ಕಾಲಿಗೆ. ಏನು ತಿನ್ನಬಾರದು ಎಂಬ ಪಟ್ಟಿ ಬೀದಿಯಲ್ಲಿ ಪುಕ್ಕಟೆ ಸಿಗುತ್ತದೆ. ಯಾವಾಗ ತಿನ್ನಬೇಕು, ಎಷ್ಟು ತಿನ್ನಬೇಕು, ತಿಂದ ಮೇಲೆ ಮೈಯನ್ನು ಹೇಗಿಟ್ಟುಕೊಳ್ಳಬೇಕು ಎಂದು ನನಗೆ ಹೇಳಿದವರು ಕಡಿಮೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಪಥ್ಯದ ಪಟ್ಟಿಗೆ ಹಿಂದಿನ ಸಾಲಿನಲ್ಲಿ ಜಾಗ ಕೊಟ್ಟಿದ್ದೇನೆ.

ಎಲ್ಲಕ್ಕಿಂತ ಮೊದಲು: ಇದು ಹೃದಯವಲ್ಲ ತಾನೇ?

2025ರ ಜೂನ್, ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ರಾಜ್ಯವೆಲ್ಲ ಸುದ್ದಿಯಾದವು. ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ನೇಮಿಸಿತು, ಜನ ತಪಾಸಣೆಗೆಂದು ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ಆ ದಿನಗಳಲ್ಲಿ ನಮ್ಮ ಶಿಕ್ಷಕರ ಕೊಠಡಿಯಲ್ಲಿ ಯಾರಿಗಾದರೂ ಹುಳಿತೇಗು ಬಂದರೂ ಉಳಿದವರು ಗಾಬರಿಯಿಂದ ತಿರುಗಿ ನೋಡುತ್ತಿದ್ದರು. ಆ ಗಾಬರಿ ಅತಿಯಾಗಿತ್ತು, ನಿಜ. ಆದರೆ ಅದಕ್ಕೂ ಮೊದಲು ನಮ್ಮಲ್ಲಿದ್ದ ಅಭ್ಯಾಸ ಇನ್ನೂ ಕೆಟ್ಟದ್ದು. ಎದೆ ನೋವು ಬಂದರೆ "ಗ್ಯಾಸ್ಟ್ರಿಕ್ ಇರಬೇಕು" ಎಂದು ಸೋಡಾ ಕುಡಿದು ಮಲಗುವ ಅಭ್ಯಾಸ.

ರಿಫ್ಲಕ್ಸಿನ ಉರಿ ಸಾಮಾನ್ಯವಾಗಿ ಊಟದ ನಂತರ ಬರುತ್ತದೆ, ಬಗ್ಗಿದಾಗ ಮತ್ತು ಮಲಗಿದಾಗ ಹೆಚ್ಚುತ್ತದೆ, ಬಾಯಿಗೆ ಹುಳಿ ತರುತ್ತದೆ. ಎದೆಯ ಮೇಲೆ ಭಾರ ಹೇರಿದಂತಾಗುವುದು, ನೋವು ಎಡಗೈಗೋ ದವಡೆಗೋ ಬೆನ್ನಿಗೋ ಹರಿಯುವುದು, ತಣ್ಣನೆಯ ಬೆವರು, ಏದುಸಿರು, ಏರು ಹತ್ತುವಾಗ ಬಂದು ನಿಂತರೆ ಕಡಿಮೆಯಾಗುವ ನೋವು, ಇವು ಬೇರೆ ಜಾತಿ. ಸಕ್ಕರೆ ಕಾಯಿಲೆ ಇರುವವರಲ್ಲಿ ಮತ್ತು ಹೆಂಗಸರಲ್ಲಿ ಹೃದಯದ ನೋವು ಹೊಟ್ಟೆಯ ಸಂಕಟದ ವೇಷದಲ್ಲೂ ಬರಬಹುದು. ಸಂದೇಹ ಬಂದರೆ 108ಕ್ಕೆ ಕರೆ ಮಾಡಿ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಮಾಡಿಸಿಕೊಳ್ಳಬಹುದು. ಇಸಿಜಿ ಮಾಡಿಸಿ, ಗ್ಯಾಸ್ಟ್ರಿಕ್ ಎಂದು ಹೇಳಿಸಿಕೊಂಡು ನಾಚಿಕೆಯಿಂದ ಮನೆಗೆ ಬಂದರೂ ನಷ್ಟವೇನಿಲ್ಲ.

ಸಂಚಿಯ ಲಾಡಿ

ಅತ್ತೆಯ ಎಲೆ ಅಡಿಕೆ ಸಂಚಿ ನೋಡಿದ್ದೀರಲ್ಲ, ಬಾಯಿಗೆ ಲಾಡಿ ಇರುವಂಥದ್ದು? ಅನ್ನನಾಳ ಹೊಟ್ಟೆಯ ಚೀಲವನ್ನು ಸೇರುವ ಕಡೆ ಅಂಥದೇ ಒಂದು ಸ್ನಾಯುವಿನ ಉಂಗುರವಿದೆ. ತುತ್ತು ಇಳಿಯುವಾಗ ಸಡಿಲವಾಗಿ ಮತ್ತೆ ಬಿಗಿಯುವುದು ಅದರ ಕೆಲಸ. ಅದು ಹೊತ್ತಲ್ಲದ ಹೊತ್ತಿನಲ್ಲಿ ಸಡಿಲವಾದರೆ ಒಳಗಿನ ಆಮ್ಲ ಮೇಲೇರುತ್ತದೆ. ಹೊಟ್ಟೆಯ ಒಳಗೋಡೆಗೆ ಆಮ್ಲವನ್ನು ತಡೆದುಕೊಳ್ಳುವ ಲೋಳೆಯ ಹೊದಿಕೆ ಇದೆ, ಅನ್ನನಾಳಕ್ಕೆ ಅಷ್ಟು ರಕ್ಷಣೆ ಇಲ್ಲ. ಆದ್ದರಿಂದಲೇ ಉರಿ. ಅನೇಕರಲ್ಲಿ ಆಮ್ಲ ಹೆಚ್ಚಾಗಿರುವುದೇ ಇಲ್ಲ, ಇರಬಾರದ ಜಾಗಕ್ಕೆ ಹೋಗಿರುತ್ತದೆ ಅಷ್ಟೇ.

ಸಂಚಿಯನ್ನು ಬಾಯಿತನಕ ತುಂಬಿದರೆ ಲಾಡಿ ಬಿಚ್ಚಿಕೊಳ್ಳುತ್ತದೆ. ತುಂಬಿದ ಸಂಚಿಯನ್ನು ಅಡ್ಡ ಮಲಗಿಸಿದರೆ ಒಳಗಿನದು ಚೆಲ್ಲುತ್ತದೆ. ಹೊರಗಿನಿಂದ ಅದುಮಿದರೂ ಚೆಲ್ಲುತ್ತದೆ; ಹೊಟ್ಟೆಯ ಬೊಜ್ಜು, ಬಸಿರು, ಬಿಗಿಯಾದ ಬೆಲ್ಟು, ಲಂಗದ ಲಾಡಿ, ಇವೆಲ್ಲ ಅದುಮುವ ಕೈಗಳೇ. ಮುಂದಿನ ಹೆಜ್ಜೆಗಳ ತರ್ಕವೆಲ್ಲ ಇಷ್ಟರಲ್ಲೇ ಇದೆ.

ಹೆಜ್ಜೆ 1: ಒಂದು ವಾರ ಏನನ್ನೂ ಬಿಡಬೇಡಿ, ಬರೆಯಿರಿ

ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಚೌಕ ಇರುತ್ತದೆ, ಅಷ್ಟು ಜಾಗ ಸಾಕು. ಏನು ತಿಂದಿರಿ, ಎಷ್ಟು ಗಂಟೆಗೆ, ಎಷ್ಟು ಹೊತ್ತಿಗೆ ಮಲಗಿದಿರಿ, ಉರಿ ಯಾವಾಗ ಬಂತು, ಇಷ್ಟು ಬರೆದರೆ ಆಯಿತು. ನನ್ನ ಒಂದು ಚೌಕದಲ್ಲಿ ಹೀಗಿತ್ತು: "ಮಂಗಳವಾರ. ಮಧ್ಯಾಹ್ನ 1.15 ಮುದ್ದೆ, ಹುರುಳಿ ಬಸ್ಸಾರು, ಖಾರ ಜಾಸ್ತಿ, ಏನೂ ಆಗಲಿಲ್ಲ. ಸಂಜೆ 5.30 ಆಲೂ ಬೋಂಡ 3. ರಾತ್ರಿ 10.10 ಅಕ್ಕಿ ರೊಟ್ಟಿ 2, ಕಾಯಿಚಟ್ನಿ. 10.45 ಹಾಸಿಗೆ. 12.40 ಹುಳಿ, ಕೆಮ್ಮು."

ಏಳು ಚೌಕ ತುಂಬಿದ ಮೇಲೆ ಹಿಂದಕ್ಕೆ ನಿಂತು ನೋಡಿದೆ. ಏಳರಲ್ಲಿ ಐದು ದಿನ ಉರಿ ಬಂದದ್ದು ರಾತ್ರಿ. ನಾನು ಎರಡು ವರ್ಷ ದೂರವಿಟ್ಟಿದ್ದ ಖಾರದ ಬಸ್ಸಾರನ್ನು ಆ ವಾರ ಎರಡು ಬಾರಿ ಹಗಲಲ್ಲಿ ಉಂಡಿದ್ದೆ, ಅದರ ಮೇಲೆ ಒಂದು ದೂರೂ ಇರಲಿಲ್ಲ. ನಿಮ್ಮ ಕ್ಯಾಲೆಂಡರ್ ಬೇರೆ ಏನನ್ನೋ ಹೇಳಬಹುದು. ಹೇಳಲಿ, ಅದಕ್ಕಾಗಿಯೇ ಬರೆಯುವುದು.

ಇನ್ನೊಂದು ವಿಷಯವನ್ನೂ ಬರೆದುಕೊಳ್ಳಿ: ಬೆಳಿಗ್ಗೆ ಎದ್ದಾಗ ಹೇಗಿದ್ದೀರಿ. ಗಂಟಲು ಕಟ್ಟಿದೆಯೇ, ನಿದ್ದೆ ಆಗಿದೆಯೇ, ಮನೆಯವರ ಮೇಲೆ ರೇಗಿದಿರೇ. ಈ ಕಾಯಿಲೆ ಯಾರನ್ನೂ ಹಾಸಿಗೆಗೆ ಕೆಡವುವುದಿಲ್ಲ, ದಿನವನ್ನು ಅಂಚಿನಿಂದ ತಿನ್ನುತ್ತದೆ. ನನ್ನ ಮಟ್ಟಿಗೆ ಹೋದದ್ದು ದನಿ. ಮೊದಲ ಪೀರಿಯಡ್‌ನಲ್ಲಿ ಹಾಜರಿ ಕರೆಯುವಷ್ಟರಲ್ಲಿ ನಾಲ್ಕು ಬಾರಿ ಗಂಟಲು ಸರಿಮಾಡಿಕೊಳ್ಳಬೇಕಾಗುತ್ತಿತ್ತು. ಅದೂ ಹುಳಿಯ ಕೆಲಸವಾಗಿರಬಹುದು ಎಂದು ನನಗೆ ಹೊಳೆದದ್ದು ಎಷ್ಟೋ ತಡವಾಗಿ.

ಹೆಜ್ಜೆ 2: ರಾತ್ರಿ ಊಟದ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿ

ಉಂಡದ್ದು ಹೊಟ್ಟೆಯಿಂದ ಕರುಳಿಗೆ ಜಾರಲು ಎರಡರಿಂದ ನಾಲ್ಕು ಗಂಟೆ ಬೇಕು, ಎಣ್ಣೆ ಕೊಬ್ಬು ಇದ್ದರೆ ಇನ್ನೂ ತಡ. ಆದ್ದರಿಂದ ಊಟಕ್ಕೂ ಹಾಸಿಗೆಗೂ ನಡುವೆ ಮೂರು ಗಂಟೆ ಇರಬೇಕು. ಹೇಳುವುದು ಸುಲಭ. ನಮ್ಮ ಮನೆಗಳಲ್ಲಿ ರಾತ್ರಿ ಊಟ ಯಾವಾಗ ಎಂಬುದನ್ನು ನಿರ್ಧರಿಸುವುದು ಹಸಿವಲ್ಲ, ಅಂಗಡಿಯ ಬಾಗಿಲು ಮತ್ತು ಧಾರಾವಾಹಿ. ನಮ್ಮ ಮನೆಯವರು ಪೇಟೆಯಲ್ಲಿ ಅಂಗಡಿ ಮುಚ್ಚಿ ಬರುವುದು ಒಂಬತ್ತೂವರೆಗೆ. ಅವರಿಗೆ, ಮಕ್ಕಳಿಗೆ, ಅತ್ತೆಗೆ ಬಡಿಸಿ ಕೊನೆಗೆ ಉಣ್ಣುವವಳು ನಾನು. ಉಂಡು ಪಾತ್ರೆ ತೊಳೆಯಲು ಬಗ್ಗುವುದು, ಬಗ್ಗಿ ನೆಲ ಒರೆಸುವುದು, ಹಾಗೇ ಹೋಗಿ ಮಲಗುವುದು. ಎದೆ ಉರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕೆಂದರೂ ಸಿಗದು. ಕೊನೆಯಲ್ಲಿ ಉಣ್ಣುವ ಹೆಂಗಸರು ಈ ಹೆಜ್ಜೆಯನ್ನು ಎರಡು ಸಲ ಓದಿ.

ನಾನು ಮಾಡಿಕೊಂಡ ಬದಲಾವಣೆ ಹೀಗೆ. ಏಳೂಕಾಲಿಗೆ ನನ್ನ ಊಟ. ದೊಡ್ಡ ಊಟ ಮಧ್ಯಾಹ್ನಕ್ಕೆ ಹೋಯಿತು, ರಾತ್ರಿಗೆ ಎರಡು ಇಡ್ಲಿಯೋ, ಹೆಸರುಬೇಳೆ ಹಾಕಿದ ತೆಳ್ಳನೆಯ ಅನ್ನವೋ, ಒಂದು ಚಪಾತಿ ಸೋರೆಕಾಯಿ ಪಲ್ಯವೋ. ಅತ್ತೆ ಮೊದಲು ಒಪ್ಪಲಿಲ್ಲ. "ಯಜಮಾನ ಬರುವ ಮೊದಲೇ ಉಣ್ಣುವುದು ಯಾವ ಸಂಪ್ರದಾಯ?" ಎಂದರು. ಅವರಿಗೂ ಇದೇ ಉರಿ ಇದ್ದದ್ದು ಒಳ್ಳೆಯದೇ ಆಯಿತು. ಹದಿನೈದು ದಿನಕ್ಕೆ ಅವರ ತಟ್ಟೆಯೂ ಏಳೂಕಾಲಿಗೆ ಬಂತು. ಮನೆಯವರು ಬಂದಾಗ ನಾನು ಅರ್ಧ ಲೋಟ ತಿಳಿಮಜ್ಜಿಗೆ ಹಿಡಿದು ಜೊತೆಗೆ ಕೂರುತ್ತೇನೆ. ಇದು ಸಣ್ಣ ಮಾತಲ್ಲ. ಪಥ್ಯದವರು ಎಲ್ಲರೊಂದಿಗೆ ಕೂರುವುದನ್ನು ಬಿಟ್ಟರೆ ಮನೆ ಅವರಿಗೆ ಲಾಡ್ಜಿನಂತಾಗುತ್ತದೆ.

ಅಂಗಡಿ, ಹೋಟೆಲು, ಪಾಳಿಯ ಕೆಲಸದವರು ಡಬ್ಬಿ ಕಟ್ಟಿಕೊಂಡು ಹೋಗಿ ಏಳೂವರೆಗೆ ಅಲ್ಲೇ ಉಣ್ಣುವುದು ಒಳ್ಳೆಯದು. ಅದೂ ಆಗದ ದಿನ ತಡವಾಗಿ ಉಣ್ಣಿ, ಆದರೆ ಅರ್ಧ ಉಣ್ಣಿ. ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಡುವವರು ಹತ್ತುವ ಮುಂಚೆ ಬಿರಿಯಾನಿ ತಿಂದು ಸ್ಲೀಪರಿನಲ್ಲಿ ಚಪ್ಪಟೆ ಮಲಗಬೇಡಿ. ಮಧ್ಯಾಹ್ನದ ನಿದ್ದೆಗೂ ಇದೇ ಲೆಕ್ಕ, ಉಂಡ ಕೂಡಲೇ ಚಾಪೆ ಹಾಸುವ ಭಾನುವಾರದ ಸುಖವನ್ನು ಒರಗುಕುರ್ಚಿಗೆ ವರ್ಗಾಯಿಸಿ.

ಹೆಜ್ಜೆ 3: ಎಷ್ಟು ಎಂಬ ಪ್ರಶ್ನೆ

ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ ಎಂಬ ಗಾದೆಯನ್ನು ರಿಫ್ಲಕ್ಸ್ ಇರುವವರು ಪಕ್ಕಕ್ಕಿಡಬಹುದು. ನಮಗೆ ಸರಿಹೊಂದುವುದು ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಹೊತ್ತು. ಇಡೀ ದಿನ ಹಸಿದಿದ್ದು ಒಮ್ಮೆಲೇ ತುಂಬಿಕೊಳ್ಳುವುದು ಅತ್ಯಂತ ಕೆಟ್ಟದ್ದು. ದೀಪಾವಳಿಯ ಹೊತ್ತಿಗೆ ಹಾಸನಾಂಬೆಯ ದರ್ಶನಕ್ಕೆ ಉಪವಾಸದಲ್ಲಿ ಗಂಟೆಗಟ್ಟಲೆ ಸಾಲಿನಲ್ಲಿ ನಿಂತು, ಹೊರಬಂದ ಕೂಡಲೇ ಬೋಂಡ ಕಾಫಿಗೆ ಕೈ ಹಾಕುವವರನ್ನು ನೋಡಿದರೆ ನನಗೆ ಅವರ ರಾತ್ರಿ ಕಣ್ಮುಂದೆ ಬರುತ್ತದೆ.

ಮುದ್ದೆಯ ವಿಚಾರ. "ಮುದ್ದೆ ಬಿಡಬೇಕಾ?" ಎಂದು ಕೇಳದವರಿಲ್ಲ. ರಾಗಿಯದು ತಪ್ಪಿಲ್ಲ. ಆದರೆ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಹೊಟ್ಟೆ ತುಂಬಿತು ಎಂದು ತಲೆಗೆ ತಿಳಿಯುವಷ್ಟರಲ್ಲಿ ಎರಡನೆಯದೂ ಒಳಗಿರುತ್ತದೆ. ಒಂದಕ್ಕೆ ನಿಲ್ಲಿಸಿ, ಸೊಪ್ಪು ಕಾಳು ಹೆಚ್ಚು ಹಾಕಿಕೊಳ್ಳಿ, ನಿಧಾನಕ್ಕೆ ಉಣ್ಣಿ. ಊಟದ ಜೊತೆ ಚೊಂಬುಗಟ್ಟಲೆ ನೀರು ಬೇಡ, ಗುಟುಕು ಸಾಕು. ನೀರನ್ನು ಊಟಗಳ ನಡುವೆ ಕುಡಿಯಿರಿ.

ಬೀಗರೂಟಕ್ಕೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೂ ಹಾಸನದವರು ಕೇಳುವುದಿಲ್ಲ. ಮೊದಲ ಪಂಕ್ತಿಗೇ ಕೂರಿ, ಮೂರನೆಯದಕ್ಕೆ ಕಾಯುತ್ತಾ ಹಸಿವು ಏರಿಸಿಕೊಳ್ಳಬೇಡಿ. ಹಿಂದಿನಿಂದ ಬಡಿಸಲು ಬರುವ ಎರಡನೆಯ ಸುತ್ತಿಗೆ ಎಲೆಯ ಮೇಲೆ ಅಂಗೈ ಅಡ್ಡ ಇಡಿ. ಬಂದ ಮೇಲೆ ಅರ್ಧ ಗಂಟೆ ನಿಧಾನವಾಗಿ ನಡೆಯಿರಿ, ಆ ರಾತ್ರಿ ಊಟವೇ ಬೇಡ.

ತೂಕ ಹೆಚ್ಚಿದ್ದರೆ ಅದನ್ನು ಇಳಿಸುವುದು ಯಾವ ಕಷಾಯಕ್ಕಿಂತಲೂ ಮೇಲು, ಅದರಲ್ಲೂ ಸೊಂಟದ ಸುತ್ತಲಿನದು. ನಾನು ಆರು ಕಿಲೋ ಇಳಿಸಲು ಹನ್ನೊಂದು ತಿಂಗಳು ತೆಗೆದುಕೊಂಡೆ. ಲಂಗದ ಲಾಡಿಯನ್ನು ಸಡಿಲಿಸಲು ಮಾತ್ರ ಒಂದು ನಿಮಿಷ ಸಾಕಾಯಿತು.

ಹೆಜ್ಜೆ 4: ಮಂಚಕ್ಕೆ ಎರಡು ತುಂಡು ಮರ

ದಿಂಬಿನ ಮೇಲೆ ದಿಂಬು ಪೇರಿಸುವುದು ಎಲ್ಲರೂ ಮಾಡುವ ತಪ್ಪು. ಅದರಿಂದ ಕುತ್ತಿಗೆ ಮಾತ್ರ ಏಳುತ್ತದೆ, ಹೊಟ್ಟೆಯ ಬಳಿ ಮೈ ಮಡಚಿಕೊಂಡು ಒತ್ತಡ ಇನ್ನೂ ಹೆಚ್ಚುತ್ತದೆ. ಏಳಬೇಕಾದದ್ದು ಮಂಚದ ತಲೆಯ ಕಡೆ ಪೂರ್ತಿ, 15ರಿಂದ 20 ಸೆಂಟಿಮೀಟರ್, ಅಂದರೆ ಆರರಿಂದ ಎಂಟು ಇಂಚು.

ನಮ್ಮ ಕಡೆ ಸಿಲ್ವರ್ ಓಕ್ ಮರಕ್ಕೆ ಬರವಿಲ್ಲ. ಬಡಗಿಯಿಂದ ಆರು ಇಂಚು ಎತ್ತರದ ಎರಡು ತುಂಡು ಕೊಯ್ಯಿಸಿದೆ. ಮೇಲುಗಡೆ ಮಂಚದ ಕಾಲು ಕೂರುವಷ್ಟು ಗುಳಿ ತೋಡಿಸಿ, ಕೆಳಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಮೊಳೆ ಹೊಡೆದು ಕೂರಿಸಿದರು, ಜಾರದಂತೆ. ಗುಳಿ ಮಾಡಿಸುವುದನ್ನು ಮರೆಯಬೇಡಿ. ಬರೀ ಇಟ್ಟಿಗೆ ಇಟ್ಟವರ ಮಂಚ ನಡುರಾತ್ರಿ ದಡಾರನೆ ಇಳಿದ ಕಥೆ ನಮ್ಮ ಬೀದಿಯಲ್ಲೇ ಇದೆ. ಮೊದಲ ಎರಡು ರಾತ್ರಿ ನಾವಿಬ್ಬರೂ ಕಾಲಿನ ಕಡೆಗೆ ಜಾರುತ್ತಿದ್ದೆವು. ಮೂರನೆಯ ರಾತ್ರಿ ನಾನು ಬೆಳಗಿನವರೆಗೆ ಎಚ್ಚರವಾಗದೆ ಮಲಗಿದೆ, ತಿಂಗಳುಗಳ ನಂತರ.

ನೆಲದ ಮೇಲೆ ಮಲಗುವವರು ಸೊಂಟದಿಂದ ತಲೆಯವರೆಗೆ ಇಳಿಜಾರಾಗುವಂತೆ ಹಾಸಿಗೆಯ ಕೆಳಗೆ ಹಳೆಯ ಕೌದಿ, ಗೋಣಿಗಳನ್ನು ಮಡಚಿ ಒತ್ತಬಹುದು. ಎಡ ಮಗ್ಗುಲಿಗೆ ಮಲಗಿ. ಎಡಕ್ಕೆ ಮಲಗಿದಾಗ ಹೊಟ್ಟೆಯ ಚೀಲ ಅನ್ನನಾಳದ ಬಾಯಿಗಿಂತ ಕೆಳಗಿರುತ್ತದೆ, ಬಲಕ್ಕೆ ಹೊರಳಿದರೆ ಮೇಲೆ ಬರುತ್ತದೆ. ತುಂಬು ಬಸುರಿಯರಿಗೂ ಇದೇ ಮಗ್ಗುಲು ಹಿತ.

ಹೆಜ್ಜೆ 5: ಈಗ ಪಟ್ಟಿ, ಒಂದೊಂದಾಗಿ

ಎರಡರಿಂದ ನಾಲ್ಕರವರೆಗಿನ ಮೂರು ಹೆಜ್ಜೆಗಳನ್ನು ಎರಡು ವಾರ ಮಾಡಿದ ಮೇಲೂ ಉರಿ ಉಳಿದಿದ್ದರೆ ತಟ್ಟೆಯೊಳಗೆ ಕೈ ಹಾಕಿ. ಕ್ಯಾಲೆಂಡರಿನಲ್ಲಿ ಸಂಶಯ ಬಂದ ಒಂದು ಪದಾರ್ಥವನ್ನು ಎರಡು ವಾರ ನಿಲ್ಲಿಸಿ. ವ್ಯತ್ಯಾಸ ಕಾಣದಿದ್ದರೆ ಅದನ್ನು ಗೌರವದಿಂದ ಮರಳಿ ಕರೆದುಕೊಂಡು ಇನ್ನೊಂದನ್ನು ನಿಲ್ಲಿಸಿ. ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಕಳ್ಳ ಯಾರೆಂದು ಎಂದಿಗೂ ತಿಳಿಯುವುದಿಲ್ಲ.

ಕಾಫಿಯಿಂದಲೇ ಶುರುಮಾಡೋಣ. ಚಿಕ್ಕಮಗಳೂರು, ಸಕಲೇಶಪುರದವರಿಗೆ ಕಾಫಿ ಬಿಡಿ ಎನ್ನುವುದು ಊರು ಬಿಡಿ ಎಂದಂತೆ. ಕಾಫಿ ಕೆಲವರಲ್ಲಿ ಉಂಗುರವನ್ನು ಸಡಿಲಿಸುತ್ತದೆ, ಆಮ್ಲವನ್ನು ಕೆಣಕುತ್ತದೆ. ಕೆಲವರಿಗೆ ಏನೂ ಮಾಡುವುದಿಲ್ಲ. ನನ್ನ ಪರೀಕ್ಷೆಯಲ್ಲಿ ತೊಂದರೆ ಕೊಟ್ಟದ್ದು ಬರಿಹೊಟ್ಟೆಯ ಮೊದಲ ಲೋಟ ಮತ್ತು ಸಂಜೆ ಆರರ ನಂತರದ ಲೋಟ. ತಿಂಡಿಯ ಜೊತೆಗಿನದು, ಹನ್ನೊಂದರದು ನಿರಪರಾಧಿಗಳು. ಎರಡನ್ನು ಉಳಿಸಿಕೊಂಡೆ, ಪುಡಿಯನ್ನೂ ಬದಲಿಸಿದೆ. ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಸುಮಾರು ಎರಡು ಪಟ್ಟು ಕೆಫೀನ್ ಇರುತ್ತದೆ. ಮನೆಗೆ ತರುವ ಮಿಶ್ರಣದಲ್ಲಿ ಯಾವುದು ಎಷ್ಟು ಎಂದು ಅಂಗಡಿಯವರನ್ನು ಕೇಳಿ, ಇಲ್ಲಿನವರು ಸಂತೋಷದಿಂದ ಹೇಳುತ್ತಾರೆ. ಕೆಫೀನ್ ತೆಗೆದ ಕಾಫಿಯೂ ಆಮ್ಲವನ್ನು ಹೆಚ್ಚಿಸಬಲ್ಲದು, ಆದ್ದರಿಂದ ದುಬಾರಿ ಪೊಟ್ಟಣದ ಮೇಲೆ ಭರವಸೆ ಇಟ್ಟುಕೊಳ್ಳಬೇಡಿ.

ಕೊಬ್ಬು ಬಹುಪಾಲು ಜನರಿಗೆ ಆಗದು. ಮಳೆಗಾಲದ ಬಜ್ಜಿ ಬೋಂಡ, ಕೊಬ್ಬಿನ ಹಂದಿ ಸಾರು, ಗಟ್ಟಿ ಕಾಯಿಹಾಲಿನ ಗಸಿ, ಇವು ಹೊಟ್ಟೆಯಲ್ಲಿ ಬಹಳ ಹೊತ್ತು ಬೀಡು ಬಿಡುತ್ತವೆ. ಹಬ್ಬದ ದಿನ ತಿನ್ನಿ, ಮಧ್ಯಾಹ್ನ ತಿನ್ನಿ. ಖಾರ ಉಂಗುರವನ್ನು ಸಡಿಲಿಸುವುದಕ್ಕಿಂತ ಈಗಾಗಲೇ ಸುಟ್ಟಿರುವ ಅನ್ನನಾಳವನ್ನು ಕೆರಳಿಸುವುದೇ ಹೆಚ್ಚು, ಹುಣಸೆ, ಟೊಮೆಟೊ, ನಿಂಬೆಯೂ ಹಾಗೆಯೇ. ಗಾಯ ಮಾಗಿದ ಮೇಲೆ ಸ್ವಲ್ಪ ಖಾರ ಹಿಂದಿರುಗಬಹುದು. ಅವರೆಕಾಳಿನ ಕಾಲದಲ್ಲಿ ಆಗುವುದು ಹೆಚ್ಚಾಗಿ ಹೊಟ್ಟೆಯುಬ್ಬರ, ಅದು ಬೇರೆ ಲೆಕ್ಕ. ಹಿತಕಿದ ಬೇಳೆ ಸಾರನ್ನು ಬಿಡಬೇಕೆಂದು ನನಗಂತೂ ಯಾರೂ ಮನವೊಲಿಸಿಲ್ಲ.

ಜನ ಔಷಧವೆಂದು ತಿಳಿದ ಎರಡು ಪದಾರ್ಥಗಳು ಮೋಸ ಮಾಡುತ್ತವೆ. ಒಂದು ಪುದೀನ, ಪೆಪ್ಪರ್‌ಮೆಂಟು. ಬಾಯಿಗೆ ತಂಪು, ಆದರೆ ಅದೇ ಉಂಗುರವನ್ನು ಸಡಿಲಿಸುತ್ತದೆ. ಇನ್ನೊಂದು ಮಲಗುವ ಮೊದಲ ಲೋಟ ಹಾಲು. ಕುಡಿದ ಗಳಿಗೆ ಹಿತ, ಆಮೇಲೆ ಅದೇ ಹಾಲು ಆಮ್ಲ ಸುರಿಸುತ್ತದೆ, ಕೆನೆಹಾಲಾದರೆ ಇನ್ನಷ್ಟು. ಸೋಡಾ ಹೊಟ್ಟೆಯನ್ನು ಉಬ್ಬಿಸಿ ತೇಗಿನ ಜೊತೆ ಹುಳಿಯನ್ನೂ ಮೇಲಕ್ಕೆ ತರುತ್ತದೆ. ಚಾಕೊಲೇಟ್, ಮದ್ಯ, ಬೀಡಿ ಸಿಗರೇಟು ಕೂಡ ಉಂಗುರದ ಶತ್ರುಗಳು. ಕೊನೆಯದಕ್ಕೆ ಎರಡು ವಾರದ ಪರೀಕ್ಷೆ ಬೇಡ, ಬಿಟ್ಟುಬಿಡಿ. ಹೊಗೆಸೊಪ್ಪು ಹಾಕಿದ ಎಲೆ ಅಡಿಕೆಗೂ ಅದೇ ಮಾತು.

ನನಗೆ ಒಗ್ಗಿದವು ನೀರುದೋಸೆ, ಇಡ್ಲಿ, ಹೆಸರುಬೇಳೆ, ಬೂದುಗುಂಬಳ, ಬಾಳೆಹಣ್ಣು, ಮೆಣಸು ಕಡಿಮೆ ಹಾಕಿದ ಒಂದೆಲಗದ ತಂಬುಳಿ. ನಿಮ್ಮವು ಬೇರೆ ಇರಬಹುದು.

ಹೆಜ್ಜೆ 6: ಗುಳಿಗೆಯ ಶಿಸ್ತು

ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಜಾತಿಯ ಗುಳಿಗೆಗಳನ್ನು ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ನುಂಗಬೇಕು. ಒಂದು ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಟ್ಟದ್ದನ್ನು ನಾನು ಒಂದೂವರೆ ವರ್ಷ ರಾತ್ರಿ ಊಟದ ಮೇಲೆ ನುಂಗಿ, "ಈ ಮಾತ್ರೆ ಕೆಲಸ ಮಾಡುವುದಿಲ್ಲ" ಎಂದು ದೂರುತ್ತಿದ್ದೆ. ವೈದ್ಯರು ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರಕ್ಕೆ ಬರೆದುಕೊಟ್ಟು ಮತ್ತೆ ನೋಡುತ್ತಾರೆ. ಬಹುಕಾಲ ನುಂಗಿ ಥಟ್ಟನೆ ನಿಲ್ಲಿಸಿದರೆ ಆಮ್ಲ ಕೆಲವು ವಾರ ಮೊದಲಿಗಿಂತ ಹೆಚ್ಚು ಉಕ್ಕಬಹುದು. ನಿಲ್ಲಿಸುವುದನ್ನೂ ಕೇಳಿಯೇ ಮಾಡಿ. ಕೆಲವರಿಗೆ ಅದು ದೀರ್ಘಕಾಲ ಬೇಕೇ ಬೇಕು.

ನೀರಿಗೆ ಹಾಕಿದರೆ ನೊರೆಯುಕ್ಕುವ ಉಪ್ಪಿನ ಪುಡಿಗಳು ಆ ಹೊತ್ತಿನ ಉರಿಗೆ ಮಾತ್ರ. ಅವುಗಳಲ್ಲಿ ಸೋಡಿಯಂ ಇರುವುದರಿಂದ ರಕ್ತದೊತ್ತಡದವರು ದಿನವೂ ಕುಡಿಯಬಾರದು.

ಬೇರೆ ಕಾಯಿಲೆಯ ಗುಳಿಗೆಗಳನ್ನೂ ಗಮನಿಸಿ. ಮಂಡಿ ನೋವಿಗೆ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಹೊಟ್ಟೆಯನ್ನು ಕೆಡಿಸುತ್ತವೆ, ರಕ್ತದೊತ್ತಡದ ಕೆಲವು ಮಾತ್ರೆಗಳು ಉಂಗುರವನ್ನು ಸಡಿಲಿಸಬಲ್ಲವು. ನೀವಾಗಿ ಬಿಡಬೇಡಿ, ವೈದ್ಯರಿಗೆ ತಿಳಿಸಿ. ಒಮ್ಮೆ ಜ್ವರಕ್ಕೆ ಕೊಟ್ಟ ಡಾಕ್ಸಿಸೈಕ್ಲಿನ್ ಕ್ಯಾಪ್ಸೂಲನ್ನು ನಾನು ಮಲಗುವ ಹೊತ್ತಿಗೆ ಒಂದೇ ಗುಟುಕು ನೀರಿನಲ್ಲಿ ನುಂಗಿ ಒರಗಿದೆ. ಅದು ಅನ್ನನಾಳದಲ್ಲೇ ಕೂತು ಸುಟ್ಟಿತು, ಮೂರು ದಿನ ಗಂಜಿ ಇಳಿಯಲೂ ಕಣ್ಣಲ್ಲಿ ನೀರು. ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್ ಕೂಡ ಅಂಥದೇ. ತುಂಬು ಲೋಟ ನೀರು, ನುಂಗಿದ ಮೇಲೆ ಅರ್ಧ ಗಂಟೆ ನೆಟ್ಟಗೆ ಕೂರುವುದು.

ಯಾವಾಗ ಕಾಯಬಾರದು

ತುತ್ತು ಎದೆಯಲ್ಲಿ ಸಿಕ್ಕಿಕೊಂಡಂತಾಗುವುದು, ನುಂಗಿದರೆ ನೋವು, ಪ್ರಯತ್ನವಿಲ್ಲದೆ ತೂಕ ಇಳಿಯುವುದು, ಪದೇ ಪದೇ ವಾಂತಿ, ರಕ್ತಹೀನತೆ ಇದ್ದರೆ ಮೇಲಿನ ಹೆಜ್ಜೆಗಳಲ್ಲಿ ದಿನ ಕಳೆಯದೆ ವೈದ್ಯರ ಬಳಿ ಹೋಗಿ. ಐವತ್ತು ದಾಟಿದ ಮೇಲೆ ಹೊಸದಾಗಿ ಉರಿ ಶುರುವಾದರೂ ಹಾಗೆಯೇ. ರಕ್ತದ ವಾಂತಿ, ಡಾಂಬರಿನಂಥ ಕಪ್ಪು ಮಲ ಕಂಡರೆ ಆ ಗಳಿಗೆಯಲ್ಲೇ ಹೊರಡಿ.

ಇವು ಯಾವುವೂ ಇಲ್ಲದೆ, ಎಲ್ಲ ಹೆಜ್ಜೆಗಳನ್ನೂ ಆರು ವಾರ ಪಾಲಿಸಿದ ಮೇಲೂ ವಾರಕ್ಕೆರಡು ರಾತ್ರಿ ಎದ್ದು ಕೂರುತ್ತಿದ್ದರೆ ಹಾಸನದ ಹಿಮ್ಸ್ ಆಸ್ಪತ್ರೆಗೋ ನಿಮಗೆ ಹತ್ತಿರದ ಹೊಟ್ಟೆಯ ತಜ್ಞರ ಬಳಿಗೋ ಹೋಗಿ. ಕ್ಯಾಲೆಂಡರಿನ ಹಾಳೆಗಳನ್ನು ಹರಿದು ಜೊತೆಗೆ ಒಯ್ಯಿರಿ, ನುಂಗುತ್ತಿರುವ ಎಲ್ಲ ಮಾತ್ರೆಗಳ ಖಾಲಿ ಸ್ಟ್ರಿಪ್ಪುಗಳನ್ನೂ. ಎಂಡೋಸ್ಕೋಪಿ, ಅಂದರೆ ಬಾಯಿಯಿಂದ ಕೊಳವೆ ಇಳಿಸಿ ಒಳಗೆ ನೋಡುವ ಪರೀಕ್ಷೆ, ಆಗಬಹುದೆಂದಿದ್ದರೆ ಎಷ್ಟು ಗಂಟೆ ಬರಿಹೊಟ್ಟೆಯಲ್ಲಿರಬೇಕು ಎಂದು ಹಿಂದಿನ ದಿನವೇ ಫೋನ್ ಮಾಡಿ ಕೇಳಿ. ಸಕ್ಕರೆ ಕಾಯಿಲೆಯವರು ಬೆಳಗಿನ ಮಾತ್ರೆ, ಇನ್ಸುಲಿನ್ ಏನು ಮಾಡಬೇಕೆಂಬುದನ್ನೂ ಅದೇ ಕರೆಯಲ್ಲಿ ಕೇಳಿಕೊಳ್ಳಿ, ಮತ್ತು ವಾಪಸ್ ಬರುವಾಗ ಗಾಡಿ ಓಡಿಸಲು ಮನೆಯವರೊಬ್ಬರನ್ನು ಕರೆದುಕೊಂಡು ಹೋಗಿ, ನಿದ್ದೆಯ ಮದ್ದು ಕೊಟ್ಟರೆ ಅಂದು ನೀವು ಓಡಿಸುವಂತಿಲ್ಲ.